ಶ್ರೀಲತಾ ಮತ್ತು ಮಧ್ಯಾಹ್ನ ಕಟ್ಟಾಗುವ ನೆಟ್ಟು

ಹಂಗಾರಕಟ್ಟೆಯ ಶ್ರೀಲತಾ ಕಂಪ್ಯೂಟರಿನ ಡಬ್ಬಿಯನ್ನು ಮೊದಲ ಸಲ ಬಿಚ್ಚಿದ್ದು ಸಿಟ್ಟಿನ ಭರದಲ್ಲಿ.

ಅದು 2001ರ ಮಾತು. ಅವಳಿಗೆ ಆಗ ಇಪ್ಪತ್ತೊಂದು. ಪಿಯುಸಿ ಮುಗಿಸಿ, ಬ್ರಹ್ಮಾವರದ ಬಸ್ ನಿಲ್ದಾಣದ ಹಿಂದೆ ಮಹಡಿಯ ಮೇಲೆ ಜಲಜಕ್ಕ ಎನ್ನುವವರು ನಡೆಸುತ್ತಿದ್ದ ಟೈಪಿಂಗ್ ಕ್ಲಾಸಿಗೆ ಸೇರಿದ್ದಳು. ಕಲಿತದ್ದೇ ಅಲ್ಲೇ ಕೆಲಸಕ್ಕೂ ನಿಂತಳು. ಆರು ಟೈಪ್‌ರೈಟರುಗಳ ಸಾಲಿನ ಕೊನೆಗೆ ಜಲಜಕ್ಕ ಹಳೆಯದೊಂದು ಕಂಪ್ಯೂಟರ್ ತಂದಿಟ್ಟಿದ್ದರು. ಮದುವೆ ಕಾಗದ, ಅರ್ಜಿ, ಬಯೋಡಾಟಾ ಎಲ್ಲ ಅದರಲ್ಲೇ. ಒಂದು ಬೆಳಿಗ್ಗೆ ಸ್ವಿಚ್ ಹಾಕಿದರೆ ಅದು ಉಸಿರೇ ಎತ್ತಲಿಲ್ಲ. ರಿಪೇರಿಗೆ ಬಂದ ಮನುಷ್ಯ ಹಿಂದಿನ ಎರಡು ತಂತಿ ಅಲುಗಾಡಿಸಿ ನೋಡಿದ. ಮಾತಿನ ನಡುವೆ ಶ್ರೀಲತಾಳ ತಾಯಿ ಮೀನು ಮಾರುವವಳೆಂದು ಗೊತ್ತಾದದ್ದೇ, "ಮೀನು ಮುಟ್ಟಿದ ಕೈಯಲ್ಲಿ ಇದನ್ನ ಮುಟ್ಟಿದ್ರೆ ಮತ್ತೆಂತ ಆಗ್ತದೆ?" ಎಂದು ನಕ್ಕ. ಜಲಜಕ್ಕ ನಗಲಿಲ್ಲ, ಎದುರು ಮಾತನ್ನೂ ಆಡಲಿಲ್ಲ. ನಾಳೆ ಬರುತ್ತೇನೆಂದು ಹೋದ ಆ ಮನುಷ್ಯ ವಾರ ಕಳೆದರೂ ಬರಲಿಲ್ಲ.

ಆ ವಾರವೆಲ್ಲ ಶ್ರೀಲತಾ ಬಸ್ಸಿನಲ್ಲಿ ಕೂತಾಗಲೂ ಕೈ ಮೂಸಿ ನೋಡಿಕೊಳ್ಳುತ್ತಿದ್ದಳು. ಎಂಟನೆಯ ದಿನ ಜಲಜಕ್ಕ ಊಟಕ್ಕೆ ಹೋದಾಗ, ಮೂಲೆಯಲ್ಲಿದ್ದ ಅವರ ಹೊಲಿಗೆ ಯಂತ್ರದ ಡ್ರಾಯರಿನಿಂದ ಸ್ಕ್ರೂಡ್ರೈವರ್ ತೆಗೆದು, ಪ್ಲಗ್ಗು ಕಿತ್ತು, ಡಬ್ಬಿಯ ಒಂದು ಮಗ್ಗುಲು ಬಿಚ್ಚಿಯೇಬಿಟ್ಟಳು. ಒಳಗೆ, ಕರೆಂಟಿನ ಪೆಟ್ಟಿಗೆಯ ಫ್ಯಾನಿನ ಸಂದಿಯಲ್ಲಿ ಒಂದು ಹಲ್ಲಿ ಸುಟ್ಟು ಕರಟಿಹೋಗಿತ್ತು. ಅದನ್ನು ಕಾಗದದ ಮೇಲೆ ತೆಗೆದಿಟ್ಟುಕೊಂಡು ಅವಳು ಜಲಜಕ್ಕನಿಗಾಗಿ ಕಾದಳು. ಬಂದವರು ಹಲ್ಲಿಯನ್ನೂ ನೋಡಿದರು, ಹುಡುಗಿಯ ಮುಖವನ್ನೂ ನೋಡಿದರು.

"ನಾ ಆವತ್ತೇ ಅವ್ನಿಗ್ ಬಾಯ್ ಮುಚ್ ಅಂತ ಹೇಳ್ಬೇಕಿತ್ತ್" ಎಂದರು.

ಮಾರನೆಯ ದಿನ ಜಲಜಕ್ಕನೇ ಉಡುಪಿಗೆ ಹೋಗಿ ಹೊಸ ಪೆಟ್ಟಿಗೆ ತಂದರು. ಕೂರಿಸಿದವಳು ಶ್ರೀಲತಾ. ಯಂತ್ರ ಗುಂಯ್ ಎಂದು ಶುರುವಾದಾಗ ಅವಳಿಗೆ ಅಳು ಬಂತು. ಅದನ್ನು ಜಲಜಕ್ಕ ನೋಡದ ಹಾಗೆ ಕಿಟಕಿಯ ಕಡೆ ತಿರುಗಿದಳು.

ಅಲ್ಲಿಂದ ಅವಳ ದಾರಿ ಹೊರಳಿತು. ಹರಿದುಹೋದ ಇಂಗ್ಲಿಷ್ ಕೈಪಿಡಿಯೊಂದನ್ನು ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದಿದಳು. ಉಡುಪಿಯ ಅಂಗಡಿಯಲ್ಲಿ ಸಾಮಾನು ಕೊಳ್ಳಲು ಹೋದಾಗಲೆಲ್ಲ ಅಲ್ಲಿಯ ಕೆಲಸದವರು ಮಾಡುವುದನ್ನು ನಿಂತು ನೋಡಿದಳು. ನಾಲ್ಕೈದು ವರ್ಷದಲ್ಲಿ ಬ್ರಹ್ಮಾವರದಿಂದ ಬೈಂದೂರಿನ ತನಕ ಶಾಲೆ, ಕ್ಲಿನಿಕ್ಕು, ಸಂಘ ಎಂದು ಎಲ್ಲೆಲ್ಲಿಂದಲೋ ಅವಳಿಗೆ ಕರೆ ಬರತೊಡಗಿತು. ಅಷ್ಟರಲ್ಲಿ ಫೋನಿನ ತಂತಿಯಲ್ಲಿ ಇಂಟರ್ನೆಟ್ಟು ಬಂದು ಕೆಲಸದ ಜಾತಿಯೇ ಬೇರೆಯಾಯಿತು. ಹಾಳಾದ ಕಂಪ್ಯೂಟರು ಸತ್ತ ಹಾಗೆ ಬಿದ್ದಿರುತ್ತದೆ, ನೋಡಿದವರಿಗೆ ಗೊತ್ತಾಗುತ್ತದೆ. ನೆಟ್ಟು ಹೋದ ಕಂಪ್ಯೂಟರು ಹಾಗಲ್ಲ. ಪರದೆ ಬೆಳಗುತ್ತದೆ, ಮೌಸು ಓಡುತ್ತದೆ, ಬೇಕಾದ ಪುಟ ಮಾತ್ರ ಬರುವುದಿಲ್ಲ. ಆಗ ಎದುರು ಕೂತವರ ಮೇಲೇ ಎಲ್ಲರ ಕಣ್ಣು.

ಹಂಗಾರಕಟ್ಟೆಯಿಂದ ಬೆಳಿಗ್ಗೆ ಏಳೂವರೆಯ ಬಸ್ಸಿಗೆ ತಾಯಿ ಮಗಳು ಒಟ್ಟಿಗೇ ಹೊರಡುತ್ತಿದ್ದರು. ತಾಯಿ ಬೆಳ್ಳಿಯ ಹತ್ತಿರ ಮೀನಿನ ಬುಟ್ಟಿ, ಮಗಳ ಹೆಗಲಲ್ಲಿ ಚೀಲ. ಬುಟ್ಟಿ ಡ್ರೈವರಿನ ಪಕ್ಕ, ಚೀಲ ತೊಡೆಯ ಮೇಲೆ.

"ಅಲ್ದಾ ಹೆಣೆ, ನೀ ಎಂತ ರಿಪೇರಿ ಮಾಡುದ್? ನಿನ್ನೆ ಬೊಬ್ಬರ್ಯ ದೈವದ್ ಕಟ್ಟೆ ಹತ್ರ ಒಬ್ರ್ ಕೇಂಡ್ರ್. ಟೀವಿ ಅಂದೆ" ಎಂದು ಬೆಳ್ಳಿ ಒಮ್ಮೆ ಕೇಳಿದಳು.

"ಟೀವಿ ಅಲ್ಲ ಅಬ್ಬಿ. ಫೋನಿನ ತಂತಿಲ್ ಕಾಗ್ದ ಬತ್ತ್ ಅಂತ ತಿಳ್ಕೊ. ಕಾಗ್ದ ಬಾರ್ದಿದ್ರೆ ಅದ್ ದಾರಿಲ್ ಎಲ್ಲಿ ನಿಂತಿತ್ತ್ ಅಂದೇಳಿ ಹುಡ್ಕುದ್ ನನ್ ಕೆಲ್ಸ."

"ಹಾಂಗಾರೆ ಪೋಸ್ಟ್‌ಮ್ಯಾನಿನ್ ಬೆನ್ನಿಗ್ ಬಿದ್ದಾಂಗೆ" ಎಂದಳು ಬೆಳ್ಳಿ. ಇದಕ್ಕಿಂತ ಚೆನ್ನಾಗಿ ಶ್ರೀಲತಾಳಿಗೂ ಹೇಳಲು ಬರುತ್ತಿರಲಿಲ್ಲ.

2008ರ ಫೆಬ್ರುವರಿಯಲ್ಲಿ ಗುಲ್ವಾಡಿಯ ದಾರಿಯಲ್ಲಿ, ಹೊಳೆಬದಿಯ ಒಂದು ಸಣ್ಣ ರೈತರ ಸಂಘದಿಂದ ಕರೆ ಬಂತು. ಸಂಘದ ಅಧ್ಯಕ್ಷರು ರಾಜೇಂದ್ರ ಹೆಗ್ಡೆಯವರು. ಕಂಪ್ಯೂಟರು ಮುಂಬಯಿಯಲ್ಲಿ ಹೋಟೆಲು ಇಟ್ಟ ಊರಿನವರೊಬ್ಬರು ತಮ್ಮಲ್ಲಿ ಹಳತಾದದ್ದನ್ನು ದಾನ ಕೊಟ್ಟದ್ದು. ಹಾಲಿನ ಬಣ್ಣದ ಡಬ್ಬಿ ಈಗ ಹಳದಿಗೆ ತಿರುಗಿತ್ತು, ಪರದೆಯೋ ಹಿಂದಕ್ಕೆ ಒಂದು ಮೊಳ ಉದ್ದ. ಆದರೂ ಊರಿನವರಿಗೆ ಪಹಣಿ ತೆಗೆಸಲು, ರೈಲಿನ ಟಿಕೇಟು ನೋಡಲು, ಮಕ್ಕಳ ಫಲಿತಾಂಶ ತಿಳಿಯಲು ಅದೇ ಗತಿ. ನೆಟ್ಟು ವರ್ಷದಿಂದ ಕಾಟ ಕೊಡುತ್ತಿತ್ತು. ಇಬ್ಬರು ರಿಪೇರಿಯವರು ಬಂದು, ಎಲ್ಲ ಸರಿಯಿದೆ ಎಂದು ಹೇಳಿ ಹೋಗಿದ್ದರು.

ಕಂಪ್ಯೂಟರಿನ ಮುಂದೆ ಕೂರುತ್ತಿದ್ದವರು ಸಂಘದ ಗುಮಾಸ್ತರಾದ ಸುಧಾಕರ ಶೆಟ್ಟರು. ವಯಸ್ಸು ಐವತ್ತಾರು. ಕನ್ನಡಕ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲಿಗೊಂದು ಸಣ್ಣ ಟವೆಲು. ಶ್ರೀಲತಾ ಹೋದಾಗ ಅವರು ಕೈತೊಳೆದು ಬಂದು, ಬೆರಳೊಂದೊಂದನ್ನೂ ಟವೆಲಿನಲ್ಲಿ ಒರೆಸಿ, ಆಮೇಲೆಯೇ ಕಂಪ್ಯೂಟರಿನ ಮೇಲಿನ ಕಸೂತಿ ಬಟ್ಟೆ ತೆಗೆದರು. ಕೀಲಿಯೊಂದನ್ನು ಒತ್ತುವ ಮೊದಲು ಬೆರಳು ಅರೆಗಳಿಗೆ ಗಾಳಿಯಲ್ಲೇ ನಿಲ್ಲುತ್ತಿತ್ತು.

"ಮಿಶನ್ನಿಗೆಂತ ಆಯ್ಲಿಲ್ಲ" ಎಂದರು ಹೆಗ್ಡೆಯವರು, ನಗುತ್ತಲೇ. "ನಮ್ಮ್ ಶೆಟ್ರ್ ಕೈಗುಣ ಸಮ ಇಲ್ಲೆ. ಬೇರೆಯವ್ರ್ ಬಂದ್ ಮುಟ್ರೆ ನೆಟ್ ಬತ್ತ್, ಇವ್ರ್ ಕೂತ್ರೆ ಹೋತ್ತ್."

ಶೆಟ್ಟರೂ ನಕ್ಕರು. ಆದರೆ ಆ ನಗು ಎಂಥದ್ದೆಂದು ಶ್ರೀಲತಾಳಿಗೆ ಗೊತ್ತಿತ್ತು. ತನ್ನನ್ನು ಹಂಗಿಸಿದವರ ಮುಂದೆ ಮರ್ಯಾದೆ ಉಳಿಸಿಕೊಳ್ಳಲು ನಗುವ ನಗು ಅದು. ಬ್ರಹ್ಮಾವರದ ಆ ಮಹಡಿಯ ಮೇಲೆ ಅವಳೂ ಹಾಗೇ ನಕ್ಕಿದ್ದಳು.

ಅವಳ ಕೆಲಸಕ್ಕೊಂದು ಕ್ರಮವಿತ್ತು. ಪರದೆಯಲ್ಲಿ ಆಜ್ಞೆ ಬರೆಯುವ ಕಪ್ಪು ಕಿಟಕಿ ತೆರೆದು, ಮೊದಲು ಕಂಪ್ಯೂಟರು ತನ್ನನ್ನೇ ತಾನು ಕೂಗಿ ನೋಡುವಂತೆ ಮಾಡುವುದು. ಓಗೊಟ್ಟರೆ ಒಳಗೆ ಸರಿಯಿದೆ ಎಂದರ್ಥ. ಆಮೇಲೆ ಫೋನಿನ ತಂತಿಯಿಂದ ನೆಟ್ಟು ತರುವ ಪಕ್ಕದ ಮೋಡೆಮನ್ನು ಕೂಗುವುದು. ಅದು ಓಗೊಟ್ಟರೆ ನಡುವಿನ ಕೇಬಲು ಸರಿ. ಕೊನೆಗೆ ಹೊರಗಿನ ಲೋಕವನ್ನು ಕೂಗುವುದು. ಎಲ್ಲಿ ಉತ್ತರ ನಿಲ್ಲುತ್ತದೋ ಅಲ್ಲಿ ಹುಡುಕಬೇಕು. ಅವತ್ತು ಮೂರೂ ಕಡೆಯಿಂದ ಉತ್ತರ ಬಂತು. ಕೇಬಲಿನ ತುದಿಯ ಪ್ಲಾಸ್ಟಿಕ್ ಕೊಂಡಿ ಮುರಿದದ್ದು ಮಾತ್ರ ಕಂಡಿತು. ಯಾರೋ ಅದನ್ನು ನೂಲಿನಿಂದ ಕಟ್ಟಿದ್ದರು. ಇದೇ ಇರಬೇಕೆಂದು ಹೊಸ ತುದಿ ಹಾಕಿ, ಹನ್ನೆರಡರ ಬಸ್ಸು ಹಿಡಿದು ಬಂದಳು.

ಮಾರನೆಯ ದಿನ ಮಧ್ಯಾಹ್ನ ಎರಡಕ್ಕೆ ಹೆಗ್ಡೆಯವರ ಫೋನು. "ಹ್ವಾಯ್, ನಿಮ್ಮ್ ರಿಪೇರಿ ಒಂದೇ ದಿನಕ್ಕಾ? ಪುನಃ ಹೋಯ್ತ್ ಕಾಣಿ. ನಿಮ್ಮಿಂದ ಆತಿಲ್ಲೆ ಅಂದ್ರೆ ಹೇಳ್ಬಿಡಿ. ನಾ ಶೆಟ್ರನ್ನ ಗೊಬ್ರದ್ ಗೋದಾಮಿಗ್ ಹಾಕಿ, ಬೇರೆಯವ್ರನ್ನ ಕೂರ್ಸ್ತೆ."

ಶ್ರೀಲತಾಳಿಗೆ ನಾಚಿಕೆಯಾಯಿತು. ಮುರಿದ ಕೊಂಡಿ ಕಂಡದ್ದೇ ಅದರ ಮೇಲೆ ತಪ್ಪು ಹೊರಿಸಿ ಬಂದಿದ್ದಳು; ಉಳಿದವರೂ ಕಣ್ಣಿಗೆ ಬಿದ್ದವರ ಮೇಲೆ ತಪ್ಪು ಹೊರಿಸಿದ್ದರು. ವ್ಯತ್ಯಾಸ ಎಂತ ಬಂತು? ನಾಳೆ ಇಡೀ ದಿನ ಕೂರುತ್ತೇನೆ ಎಂದು ಹೇಳಿ ಫೋನ್ ಇಟ್ಟಳು.

ಮರುದಿನ ಅವಳು ಹೋದಾಗ ನೆಟ್ಟು ಸರಾಗವಾಗಿ ಬರುತ್ತಿತ್ತು. ಹೆಗ್ಡೆಯವರು "ಕಾಣಿ, ಈಗ ಹೇಂಗೆ ಬತ್ತಿತ್ತ್!" ಎಂದು ಕೈ ತೋರಿಸಿ ಹೋದರು. ಅವರ ಬೈಕಿನ ಸದ್ದು ದೂರವಾದ ಮೇಲೆ ಶೆಟ್ಟರು ಕುರ್ಚಿಯನ್ನು ಅವಳ ಕಡೆ ತಿರುಗಿಸಿದರು.

"ನಿಮ್ಗೆ ಸುಮ್ನೆ ತ್ರಾಸ್ ಆಯ್ತ್" ಎಂದರು. "ತಪ್ಪ್ ನಂದೇ ಇರ್ಬೇಕ್. ಹೋದ್ ಮೇ ತಿಂಗ್ಳ್ ಎಸ್ಸೆಸ್ಸೆಲ್ಸಿ ರಿಸಲ್ಟಿನ್ ದಿನ, ಈ ಜಗಲಿ ತುಂಬ ಮಕ್ಳ್. ಮೂರ್ ಜನದ್ದ್ ತೆಗ್ದೆ, ನಾಲ್ಕನೇ ಹೆಣ್ಣಿನ್ ನಂಬ್ರ ಹೊಡುದ್ರೊಳ್ಗೆ ಹೋಯ್ತ್. ಮಕ್ಕಳೆಲ್ಲ ಜೀಪ್ ಮಾಡ್ಕಂಡ್ ಕುಂದಾಪ್ರಕ್ಕೆ ಹೋದ್ರ್. ಆ ಹೆಣ್ಣ್ ನನ್ನ್ ಮುಖ ಕಂಡದ್ದ್ ಇನ್ನೂ ಮರೂಕ್ ಆತಿಲ್ಲೆ. ಅವತ್ತಿಂದ ನಂಗೇ ಅನ್ಸೂಕ್ ಶುರುವಾಯ್ತ್, ನನ್ನ್ ಕೈಲೇ ಎಂತೋ ಇತ್ತ್ ಅಂದೇಳಿ."

ಡ್ರಾಯರು ಎಳೆದು ಮಡಚಿದ ಒಂದು ಹಾಳೆ ತೋರಿಸಿದರು. ರಾಜೀನಾಮೆ ಪತ್ರ. ಮುತ್ತು ಪೋಣಿಸಿದ ಹಾಗಿನ ಅಕ್ಷರ. ತಾರೀಖು ಮಾತ್ರ ಬರೆದಿರಲಿಲ್ಲ. ನಿವೃತ್ತಿಗೆ ಇನ್ನು ಎರಡೇ ವರ್ಷ. ಮೂವತ್ತು ವರ್ಷ ಗೌರವದಿಂದ ದುಡಿದ ಮನುಷ್ಯ ಕೊನೆಗೆ ಗೊಬ್ಬರದ ಗೋದಾಮಿಗೆ ಹೋಗುವ ಬದಲು ಮನೆಗೇ ಹೋಗಿಬಿಡೋಣ ಎಂದುಕೊಂಡಿದ್ದರು.

ಶ್ರೀಲತಾ ಪತ್ರವನ್ನು ಮಡಚಿ ವಾಪಸು ಕೊಟ್ಟಳು. "ಶೆಟ್ರೆ, ನೆಟ್ ಎಷ್ಟ್ ಹೊತ್ತಿಗ್ ಹೋತ್ತ್ ಅಂದೇಳಿ ನಿಮ್ಗೆ ನೆನ್ಪಿತ್ತಾ?"

"ನೆನ್ಪೆಂತಕ್ಕೆ? ಬರ್ದಿಟ್ಟಿದ್ದೆ."

ಗೋಡೆಯ ಕ್ಯಾಲೆಂಡರು ತೆಗೆದು ಮೇಜಿನ ಮೇಲೆ ಹರಡಿದರು. ನೆಟ್ಟು ಹೋದ ದಿನದ ಚೌಕದಲ್ಲೆಲ್ಲ ಪೆನ್ಸಿಲಿನಲ್ಲಿ ಸಣ್ಣದಾಗಿ ಬರೆದಿತ್ತು: 1.40 ಹೋಯಿತು, 5.50 ಬಂತು. 2.05 ಹೋಯಿತು, 6.00 ಬಂತು. ಹಳೆಯ ವರ್ಷದ ಕ್ಯಾಲೆಂಡರನ್ನೂ ಜೋಪಾನ ಮಾಡಿದ್ದರು.

"ಇದನ್ನ ಮೊದ್ಲ್ ಬಂದವ್ರಿಗೆ ತೋರ್ಸಿದ್ರ್ಯಾ?"

"ಅವ್ರ್ ಕೇಣ್ಲಿಲ್ಲ. ನಾನಾಗಿ ತೋರ್ಸುಕ್ ಸಂಕೋಚ."

ಅವಳು ಹಾಳೆಗಳನ್ನು ತಿರುವಿದಳು. ಬೆಳಿಗ್ಗೆ ಹತ್ತಕ್ಕೋ ಹನ್ನೊಂದಕ್ಕೋ ನೆಟ್ಟು ಹೋದ ದಿನ ಬೇಸಿಗೆಯಲ್ಲಿ ಒಂದೂ ಇಲ್ಲ. ಎಲ್ಲ ಮಧ್ಯಾಹ್ನದ ಮೇಲೆ. ರಿಪೇರಿಯವರೆಲ್ಲ, ತಾನೂ ಸೇರಿ, ಬೆಳಿಗ್ಗೆ ಬಂದು ಹನ್ನೆರಡರ ಬಸ್ಸಿಗೆ ಹೋದವರು. ಜೂನ್ ಜುಲೈ ತಿಂಗಳಲ್ಲಿ ಮಾತ್ರ ಹೊತ್ತುಗೊತ್ತಿಲ್ಲ, ದಿನಕ್ಕೆ ನಾಲ್ಕು ಸಲ ಹೋದದ್ದೂ ಇತ್ತು.

ಒಂದು ಗಂಟೆಗೆ ಶೆಟ್ಟರು ಬುತ್ತಿ ಬಿಚ್ಚಿ ಅರ್ಧ ಅವಳಿಗೆ ಬಡಿಸಿದರು. ಕುಚ್ಚಲಕ್ಕಿ ಅನ್ನ, ಹುರುಳಿ ಸಾರು, ಮಾವಿನ ಮಿಡಿ ಉಪ್ಪಿನಕಾಯಿ. ಊಟವಾದ ಮೇಲೆ ಶ್ರೀಲತಾ ಅವರನ್ನು ಗೋಡೆಬದಿಯ ಬೆಂಚಿನಲ್ಲಿ ಕೂರಿಸಿದಳು. ತಾನೂ ಕುರ್ಚಿಯನ್ನು ಹಿಂದಕ್ಕೆಳೆದು, ಕೈಕಟ್ಟಿ ಕೂತಳು.

"ಇನ್ನ್ ನಾವಿಬ್ರೂ ಮುಟ್ಟುದ್ ಬ್ಯಾಡ. ಸುಮ್ನೆ ಕಾಂಬ."

ಮೋಡೆಮಿನ ಮೇಲೆ ಹಸಿರು ದೀಪಗಳು ಸಾಲಾಗಿ ಉರಿಯುತ್ತಿದ್ದವು. ಕಾಲು ಗಂಟೆ ಕಳೆಯಿತು. ಅರ್ಧ ಗಂಟೆಯಾಯಿತು. ಶೆಟ್ಟರ ಎರಡೂ ಕೈ ತೊಡೆಯ ಮೇಲಿದ್ದವು. ಎರಡು ಗಂಟೆಯ ಹೊತ್ತಿಗೆ, ಲೈನಿನ ದೀಪ ಒಮ್ಮೆ ಮಿಟುಕಿತು. ನಿಂತಿತು. ಪುನಃ ಎರಡು ಸಲ ಮಿಟುಕಿ ಆರಿಹೋಯಿತು.

"ಹೋಯ್ತ್!" ಎಂದು ಶೆಟ್ಟರು ಎದ್ದೇಬಿಟ್ಟರು.

"ಶೆಟ್ರೆ, ಈಗ ನಿಮ್ಮ್ ಕೈ ಎಲ್ಲಿತ್ತ್?"

ಅವರು ಬಗ್ಗಿ ತಮ್ಮ ಕೈಗಳನ್ನು ನೋಡಿಕೊಂಡರು. ಅಂಗೈ ತಿರುಗಿಸಿ ನೋಡಿದರು. ಪುನಃ ಬೆಂಚಿನ ಮೇಲೆ ಕೂತರು. ಶ್ರೀಲತಾ ಕಪ್ಪು ಕಿಟಕಿ ತೆರೆಯುವ ನೆಪದಲ್ಲಿ ಅವರಿಗೆ ಬೆನ್ನು ಮಾಡಿದಳು. ಅಂಥ ಹೊತ್ತಿನಲ್ಲಿ ಮನುಷ್ಯನ ಮುಖ ನೋಡಬಾರದು.

ಕಂಪ್ಯೂಟರು ತನ್ನ ಕೂಗಿಗೆ ತಾನೇ ಓಗೊಟ್ಟಿತು. ಮೋಡೆಮೂ ಓಗೊಟ್ಟಿತು. ಹೊರಗಿನಿಂದ ಉತ್ತರವಿಲ್ಲ. ಮೇಜಿನ ಮೇಲಿನ ಫೋನು ಎತ್ತಿ ಕಿವಿಗಿಟ್ಟರೆ ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ ಕರಕರ ಸದ್ದು. ಅದು ಒಂದೇ ಸಮ ಇರಲಿಲ್ಲ, ಏರುತ್ತಿತ್ತು, ಇಳಿಯುತ್ತಿತ್ತು. ಫೋನು ಹಿಡಿದೇ ಅವಳು ಕಿಟಕಿಯ ಹೊರಗೆ ನೋಡಿದಳು. ಬೆಳಿಗ್ಗೆ ಅಲುಗದೆ ನಿಂತಿದ್ದ ತೆಂಗಿನ ಮರದ ಗರಿಗಳು ಈಗ ಪಡುವಣದಿಂದ ಮೂಡಣಕ್ಕೆ ಬಾಗಿ ತೊನೆಯುತ್ತಿದ್ದವು. ಗರಿ ಬಾಗಿದಾಗ ಕಿವಿಯಲ್ಲಿ ಕರಕರ. ಗಾಳಿ ನಿಂತರೆ ಮೌನ.

ಅವಳ ಅಪ್ಪ ಮುತ್ತ ನಲವತ್ತು ವರ್ಷ ದೋಣಿಯಲ್ಲಿ ದುಡಿದವನು. ಬೇಸಿಗೆಯಲ್ಲಿ ಬೆಳಗಿನ ಜಾವದ ಮೂಡು ಗಾಳಿಗೆ ಹೋಗಿ, ಮಧ್ಯಾಹ್ನ ಗಾಳಿ ತಿರುಗಿದ ಮೇಲೆ ಕಡಲ ಗಾಳಿಯೊಟ್ಟಿಗೆ ಅಳಿವೆಯೊಳಗೆ ಬರುವುದು ಅವನ ದಿನಚರಿ. ಸಂಜೆ ಆರಕ್ಕೆ ಆ ಗಾಳಿ ಬೀಳುತ್ತದೆ. ಶೆಟ್ಟರ ಕ್ಯಾಲೆಂಡರಿನಲ್ಲಿ ಬರೆದದ್ದು ಅದೇ ಹೊತ್ತು. ಮಳೆಗಾಲದ ಗಾಳಿಗೆ ಹೊತ್ತಿಲ್ಲ, ಕ್ಯಾಲೆಂಡರಿನಲ್ಲೂ ಇರಲಿಲ್ಲ.

"ಶೆಟ್ರೆ, ಫೋನಿನ್ ತಂತಿ ಯಾವ್ ದಾರಿಲ್ ಬತ್ತ್?"

ಇಬ್ಬರೂ ಹೊರಗೆ ಹೋದರು. ರಸ್ತೆಬದಿಯ ಕಂಬದಿಂದ ಹೊರಟ ಕಪ್ಪು ತಂತಿ ಹಳೆಯ ಕಟ್ಟಡದ ಮಾಡಿನ ತನಕ ಬಂದು, ಅಲ್ಲಿಂದ ತೆಂಗಿನ ಮರಕ್ಕೆ ಸುತ್ತಿ, ಹೊಸ ಕಟ್ಟಡದ ಕಿಟಕಿಗೆ ಇಳಿದಿತ್ತು. ಮರಕ್ಕೆ ಕಟ್ಟಿದಲ್ಲಿ ಒಂದು ಗಂಟು, ಅದರ ಮೇಲೆ ಬಿಸಿಲಿಗೆ ಬಿರಿದ ಕಪ್ಪು ಟೇಪು. ಶ್ರೀಲತಾ ಚೂಡಿದಾರದ ಶಾಲನ್ನು ಸೊಂಟಕ್ಕೆ ಬಿಗಿದು ಸ್ಟೂಲು ಹತ್ತಿದಳು; ಶೆಟ್ಟರು ಸ್ಟೂಲನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು. ಟೇಪು ಬಿಡಿಸಿದರೆ ಒಳಗೆ ಎರಡು ತಂತಿಗಳ ತುದಿ ಸುಮ್ಮನೆ ಹೊಸೆದಿಟ್ಟದ್ದು. ತಾಮ್ರ ಕಿಲುಬು ಹಿಡಿದು ಹಸಿರಾಗಿತ್ತು. ಮರ ಅಲುಗಿದಾಗಲೆಲ್ಲ ಒಂದು ತುದಿ ಬಿಟ್ಟು ಹೋಗುತ್ತಿತ್ತು, ನಿಂತಾಗ ಕೂಡಿಕೊಳ್ಳುತ್ತಿತ್ತು.

ಅಷ್ಟು ಹೊತ್ತಿಗೆ ಹೆಗ್ಡೆಯವರ ಬೈಕು ಬಂತು. ಸ್ಟೂಲಿನ ಮೇಲಿನ ಹುಡುಗಿಯನ್ನೂ ಅವಳ ಕೈಯಲ್ಲಿದ್ದ ಹಸಿರು ತಂತಿಯನ್ನೂ ನೋಡಿ ನಿಂತರು.

"ಈ ಜೋಡ್ ಹಾಕಿದ್ದ್ ಯಾರ್ ಹೆಗ್ಡೇರೆ?"

ಹೆಗ್ಡೆಯವರು ತಲೆ ಕೆರೆದುಕೊಂಡರು. ಎರಡು ವರ್ಷದ ಹಿಂದೆ ಸಂಘ ಹೊಸ ಕಟ್ಟಡಕ್ಕೆ ಬಂದಾಗ, ಲೈನ್‌ಮ್ಯಾನ್ ಬರುವ ತನಕ ಕಾಯುವುದೆಂತಕ್ಕೆ ಎಂದು, ಮನೆಯ ವಯರಿಂಗಿಗೆ ಬಂದಿದ್ದವನಿಂದ ಅವರೇ ತಂತಿ ಉದ್ದ ಮಾಡಿಸಿದ್ದರು. ಅದನ್ನು ಅವರು ಅಲ್ಲೇ ನಿಂತು ಹೇಳಿದರು, ಮುಚ್ಚಿಡಲಿಲ್ಲ. ಹೇಳುವಾಗ ಶೆಟ್ಟರ ಕಡೆ ನೋಡಲು ಅವರಿಗಾಗಲಿಲ್ಲ.

"ವರ್ಷ ಇಡೀ ತಪ್ಪೆಲ್ಲ ನಿಮ್ಮ್ ಮೇಲೇ ಹಾಕ್ದೆ ನಾ" ಎಂದರು ಕೊನೆಗೆ.

"ಇರ್ಲಿ ಬಿಡಿ" ಎಂದರು ಶೆಟ್ಟರು. ಆದರೆ ಸ್ಟೂಲಿನ ಕಾಲು ಹಿಡಿದ ಕೈ ಬಿಡಲಿಲ್ಲ.

ಫೋನಿನ ಲೈನ್‌ಮ್ಯಾನ್ ಎರಡು ದಿನದ ಮೇಲೆ ಬಂದು, ಕಂಬದಿಂದ ಮೇಜಿನ ತನಕ ಗಂಟಿಲ್ಲದ ಒಂದೇ ತಂತಿ ಎಳೆದುಕೊಟ್ಟ. ತೆಂಗಿನ ಮರವನ್ನು ಮುಟ್ಟಿಸಲಿಲ್ಲ. ಹೆಗ್ಡೆಯವರು ಮುಂದಿನ ಸಭೆಯಲ್ಲಿ, ಯಾರೂ ಕೇಳದಿದ್ದರೂ ಎದ್ದು ನಿಂತು, ನೆಟ್ಟು ಹೋಗುತ್ತಿದ್ದದ್ದು ತಮ್ಮ ಅವಸರದಿಂದ, ಶೆಟ್ಟರ ಕೈಯಿಂದಲ್ಲ ಎಂದು ಹೇಳಿದರಂತೆ. ಅಷ್ಟು ದೊಡ್ಡ ಮನಸ್ಸು ಅವರಿಗಿತ್ತು.

ಶೆಟ್ಟರು ಶ್ರೀಲತಾಳಿಂದ ಮೂರು ಕೂಗಿನ ವಿದ್ಯೆ ಕಲಿತರು. ಬರೆದುಕೊಳ್ಳಲು ಕಾಗದ ಹುಡುಕಿ, ಡ್ರಾಯರಿನಿಂದ ಆ ರಾಜೀನಾಮೆ ಪತ್ರವನ್ನೇ ತೆಗೆದು, ಅದರ ಬೆನ್ನಿಗೆ ಬರೆದುಕೊಂಡರು. ಮಳೆಗಾಲದಲ್ಲಿ ಒಮ್ಮೆ ಅವರ ಫೋನು ಬಂತು. "ಮಗಾ, ಅದ್ ತನ್ನನ್ನ್ ಕೂಗ್ರೆ ಓಗೊಡ್ತ್, ಮೋಡೆಮ್ ಓಗೊಡ್ತಿಲ್ಲೆ. ಕೇಬಲ್ ಸಿಕ್ಸುವ್ ನೆಟ್ ಕಾರ್ಡಿನ್ ದೀಪವೂ ಹತ್ತುದಿಲ್ಲೆ. ಕೇಬಲ್ ಬದ್ಲ್ ಮಾಡಿ ಕಂಡೆ, ಆಯ್ಲಿಲ್ಲ. ಕಾರ್ಡೇ ಹೋಯ್ತ್ ಕಾಣತ್ತ್. ಬಪ್ಪಾಗ ಹೊಸ್ದ್ ಒಂದ್ ತಕಂಡ್ ಬಾ." ಅವಳು ಕಾರ್ಡು ತಂದು ಹಾಕಿದಳು. ಶೆಟ್ಟರು ಹೇಳಿದ್ದು ಸರಿಯಾಗಿಯೇ ಇತ್ತು. ಆ ಹೊತ್ತಿಗೆ ಅವರ ಬೆರಳು ಕೀಲಿಗಳ ಮೇಲೆ ತಡೆದು ನಿಲ್ಲುವುದನ್ನು ಬಿಟ್ಟಿತ್ತು.

2010ರಲ್ಲಿ ಅವರು ನಿವೃತ್ತರಾದರು. ಬೀಳ್ಕೊಡುಗೆಗೆ ಶ್ರೀಲತಾಳನ್ನೂ ಕರೆದು ಮುಂದಿನ ಸಾಲಿನಲ್ಲಿ ಕೂರಿಸಿದರು. ಮೀನಿನ ಬುಟ್ಟಿ ಮನೆಯಲ್ಲಿ ಬಿಟ್ಟು ಬೆಳ್ಳಿಯೂ ಬಂದಿದ್ದಳು. ಮಾತಿಗೆ ನಿಂತ ಶೆಟ್ಟರು ಸಂಘದ ಬಗ್ಗೆ ನಾಲ್ಕು ಮಾತಾಡಿ, ನೆಟ್ಟಿನ ವಿಷಯಕ್ಕೆ ಬಂದಾಗ ಶ್ರೀಲತಾಳ ಕಡೆ ಕೈಮುಗಿದು ಕೂತುಬಿಟ್ಟರು. ಬೆಳ್ಳಿ ಮಗಳ ಕಿವಿಯಲ್ಲಿ, "ನೀ ಇವ್ರಿಗೆಂತ ಮಾಡ್ದೆ?" ಎಂದು ಕೇಳಿದಳು. "ಎಂತ ಇಲ್ಲೆ ಅಬ್ಬಿ, ಒಂದಿನ ಸುಮ್ನೆ ಕೂಕಂಡೆ" ಎಂದಳು ಶ್ರೀಲತಾ.

ಎರಡು ವರ್ಷದ ಮೇಲೆ ಅವಳಿಗೆ ಮದುವೆಯಾಯಿತು. ಗಂಡ ಜಿತೇಂದ್ರ ಬೈಂದೂರಿನವನು, ಬಲೆಗಳ ವ್ಯಾಪಾರ. ರೈಲು ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಒಂದು ಕೋಣೆ ಹಿಡಿದು ಅವಳು ಅಲ್ಲೂ ಕೆಲಸ ಮುಂದುವರಿಸಿದಳು. ಎಲ್ಲರ ಕೈಯಲ್ಲಿ ಫೋನು ಬಂದ ಮೇಲೆ ಹಳೆಯ ಕಂಪ್ಯೂಟರುಗಳು ಕಡಿಮೆಯಾದವು, ಆದರೂ ಶಾಲೆಯವರು, ಸಂಘದವರು ಬರುತ್ತಲೇ ಇದ್ದಾರೆ. ಹೊಸಬರು ಬಂದು ತಮ್ಮ ಯಂತ್ರದ ಕಷ್ಟ ಹೇಳಿಕೊಳ್ಳುವಾಗ ಅವಳು ಮೊದಲು ಅವರಿಗೊಂದು ಕುರ್ಚಿ ಎಳೆದು ಕೊಡುತ್ತಾಳೆ. ಬಾಗಿಲು ಬೆಳಿಗ್ಗೆ ಒಂಬತ್ತೂವರೆಗೆ ತೆರೆಯುತ್ತದೆ. ಸೋಮವಾರ ರಜೆ.